ಅಲಸಂದಿ ಹೊಲದ ಮೊದಲ ಕಾಯಿ

ದ್ಯಾವನಗೌಡರ ಮೀಸೆ ಎಷ್ಟು ದೊಡ್ಡದೆಂದರೆ, ಅದರ ನೆರಳಲ್ಲಿ ಎರಡೆತ್ತು ಮಲಗುತ್ತಿದ್ದವು. ಅಲಸಂದಿ ಬೆಳೆಗೆ ರಸ ಹೀರುವ ಹೇನು ಬಿದ್ದದ್ದು ಕಂಡು, ಆಳು ಯಂಕಪ್ಪನ ಮುಂದೆ ವಿಷದ ಡಬ್ಬಿ ಕುಕ್ಕಿದರು.

"ಇವತ್ತ ಹೊಡಿ, ನಾಳೆ ಕಾಯಿ ಬಿಡಸಬೇಕು. ಒಂದು ಹೇನು ಕಂಡರೂ ನೀ ಈ ಊರಾಗ ಇರಂಗಿಲ್ಲ!"

ಯಂಕಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಾಯಿ ಬಿಡಿಸುವವಳು ಅವನ ಹೆಂಡತಿ. ಬಿಡಿಸುತ್ತಾ ಹಸಿಕಾಯಿ ಕಡಿಯುವುದು ಅವಳ ಚಾಳಿ. ಹೊಲವನ್ನು ಮೂರು ಸುತ್ತು ಸುತ್ತಿದ. ಆಮೇಲೆ ದಾರಿಬದಿಯ ಎಕ್ಕದ ಗಿಡಗಳಿಗೆ ಓಡಿದ. ಅಲ್ಲಿ ಹೇನು ತಿನ್ನುವ ಕೆಂಪು ಗುಲಗಂಜಿ ಹುಳಗಳು ಮುತ್ತಿದ್ದವು. ರುಮಾಲಿನಲ್ಲಿ ತುಂಬಿ ತಂದು ಹೊಲಕ್ಕೆ ಬಿಟ್ಟ. ಹೊತ್ತು ಮುಳುಗುವುದರೊಳಗೆ ಇಪ್ಪತ್ತು ಸಲ! ಬೆಳಗಾಗುವಷ್ಟರಲ್ಲಿ ಹುಳಗಳು ಹೊಟ್ಟೆ ಭಾರಕ್ಕೆ ಹಾರಲಾರದೆ ನಡೆದೇ ಊರು ತಿರುಗುತ್ತಿದ್ದವು.

ಮೊದಲ ಕಾಯಿಯನ್ನು ಯಜಮಾನ ಎಲ್ಲರೆದುರು ಹಸಿಯಾಗಿ ತಿಂದ ಮೇಲೆಯೇ ಆಳುಗಳು ಬುಟ್ಟಿ ಹಿಡಿಯುವುದು ಆ ಊರಿನ ಪದ್ಧತಿ. ಯಂಕಪ್ಪ ಕಾಯಿ ಚಾಚಿದ.

"ತಗೋರಿ ಗೌಡ್ರ."

"ಔಷಧ ಹೊಡದೀಯೇನಲೇ?"

"ನಿಮ್ಮ ಮಾತು ಮೀರ್ತೀನೇನ್ರಿ?"

ಗೌಡರ ಕೈ ಮೇಲೇಳಲಿಲ್ಲ. ಮೀಸೆಯಿಂದ ಬೆವರು ತೊಟ್ಟಿಕ್ಕಿತು. "ನನಗ ವಿಷ ತಿನ್ನಸ್ತೀಯೇನೋ?"

"ನಮ್ಮಾಕಿ ಬುಟ್ಟಿ ತುಂಬೋದ್ರಾಗ ನಲವತ್ತು ತಿಂತಾಳ್ರಿ. ನಿಮಗ ಒಂದ."

ಗೌಡರು ಒಂದು ಹೆಜ್ಜೆ ಹಿಂದೆ ಸರಿದರು. ಯಂಕಪ್ಪ ಆ ಕಾಯಿಯನ್ನು ತಾನೇ ಕಟಕಟ ಕಡಿದು, ಮುಚ್ಚಳ ತೆಗೆಯದ ಡಬ್ಬಿಯನ್ನು ಅವರ ಕೈಗಿಟ್ಟ. ಗೌಡರು ಎಲೆ ಮಗುಚಿ ಮಗುಚಿ ನೋಡಿದರು. ಹೇನಿಲ್ಲ! ಅಷ್ಟರಲ್ಲಿ ಒಂದು ಗುಲಗಂಜಿ ಹುಳ ಅವರ ಮೀಸೆ ಹತ್ತಿತು. ಗೌಡರು ಕೈಯೆತ್ತಿದರು.

"ಕೊಡವಬ್ಯಾಡ್ರಿ," ಎಂದ ಯಂಕಪ್ಪ. "ನಿನ್ನೆಯಿಂದ ದುಡಿದ ಆಳು. ಒಂದು ಗಳಿಗೆ ನೆರಳಾಗ ಕೂಡ್ಲಿ."