ರಾಗಿ ತೆನೆ ಮುಷ್ಟಿ ಕಟ್ಟಿದ್ದು

ಭೂಮಿಯ ಹಸಿ ಇನ್ನೂ ಆರಿರಲಿಲ್ಲ, ಆಗಿನ ಮಾತಿದು. ರಾಗಿ ತೆನೆಯ ಬೆರಳುಗಳು ಆಗ ಅಂಗೈ ಹಾಗೆ ಬಿಚ್ಚಿಕೊಂಡೇ ಇದ್ದವು. ಗಾಳಿ ಬೀಸಿದರೆ ಸಾಕು, ಕಾಳು ಉದುರುತ್ತಿತ್ತು. ಗುಬ್ಬಿಗಿಷ್ಟು, ಇರುವೆಗಿಷ್ಟು, ಜನಕ್ಕಿಷ್ಟು. ಕಾಳು ಮುಗಿಯುತ್ತ ಬಂದರೆ ಜನ ಮುಂದಿನ ಗುಡ್ಡಕ್ಕೆ ಹೊರಡುತ್ತಿದ್ದರು. ನಡೆಯಲಾರದವರನ್ನು ಬಿಟ್ಟು ಹೊರಡುತ್ತಿದ್ದರು. ಹೌದು ಮಗಾ, ಬಿಟ್ಟೇ ಹೋಗುತ್ತಿದ್ದರು!

ಕೆಂಚಿ ಅಂತ ಒಬ್ಬಳು ತುಂಬು ಬಸುರಿ. ಕಾಲು ಊದಿ ಹೆಜ್ಜೆ ಎತ್ತಲಾರಳು. ಅವಳ ಓರಗಿತ್ತಿ ನಿಂಗಿ, "ಏಳೇ, ನಿನ್ನ ನಾಟಕ ಸಾಕು" ಅಂದವಳು ತಿರುಗಿ ನೋಡದೆ ಹೋದಳು. ಕೆಂಚಿಯ ಗಂಡ? ಅವನೂ ನಿಂಗಿಯ ಹಿಂದೆಯೇ ಹೋದ. ಯಾಕೆ ಹೋದ ಅಂತ ನನ್ನ ಬಾಯಲ್ಲಿ ಹೇಳಿಸಬೇಡ.

ಕೆಂಚಿ ರಾಗಿಯ ಬುಡದಲ್ಲಿ ಕೂತು ಅತ್ತಳು. "ತಾಯಿ, ಗಾಳಿ ಬಂದಾಗೆಲ್ಲ ಚೆಲ್ಲಬೇಡ. ನಾನು ಹೆತ್ತು ಎದ್ದು ಬರುವವರೆಗೂ ಕಾಳು ಹಿಡಿದುಕೋ."

ಗಾಳಿ ನಕ್ಕಿತು. "ಕೊಡೇ ರಾಗಿ, ನನಗೆ ಯಾವತ್ತು ಇಲ್ಲ ಅಂದಿದ್ದೀಯೆ?"

"ಇವತ್ತು ಅಂತೀನಿ, ಹೋಗು" ಅಂದಿತು ರಾಗಿ. ಬೆರಳು ಮಡಿಸಿತು.

ಮಗು ಹುಟ್ಟಿತು. ಕೆಂಚಿ ತೆನೆ ಕೊಯ್ದಳು, ಬಡಿದಳು, ಉಂಡಳು. ಉಳಿಯಿತು. ಬಿತ್ತಿದಳು. ಇನ್ನೂ ಉಳಿಯಿತು! ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ಕಾಳು ತುಂಬಿ ಮುಚ್ಚಿದಳು. ಅದೇ ಮೊದಲ ಹಗೇವು. ಸುದ್ದಿ ನಿಲ್ಲುತ್ತದೆಯೇ? ಜನ ಬಂದರು. ಒಬ್ಬ ಗಡಿಗೆ ಮಾಡಿಕೊಟ್ಟು ಕಾಳು ಒಯ್ದ, ಒಬ್ಬ ಕುಡುಗೋಲು ಮಾಡಿಕೊಟ್ಟು ಒಯ್ದ. ಬಿತ್ತದವರಿಗೂ ಊಟ ಸಿಕ್ಕಿತು. ಊರಾಯಿತು.

ಬೋಡ ಅಂತ ಒಬ್ಬ ಮಾತ್ರ ಏನೂ ಮಾಡಲಿಲ್ಲ. ಹಗೇವಿನ ಮೇಲೆ ಕೋಲು ಹಿಡಿದು ಕೂತ. "ಕಾಯ್ತೀನಿ" ಅಂದ. ಮೂರು ವರ್ಷಕ್ಕೆ "ನನ್ನದು" ಅಂದ. ಅವನ ಹೊಟ್ಟೆ ನೋಡಬೇಕಿತ್ತು!

ಒಂದು ಸಲ ಕೊಯ್ಲಿಗೆ ಮುಂಚೆ ನಿಂಗಿ ಬಂದಳು. ಒಬ್ಬಳೇ, ಎಲುಬಿನ ಗೂಡಾಗಿ. ಬೋಡ ಕೋಲು ಅಡ್ಡ ಹಿಡಿದ. "ಬಿತ್ತಿದೆಯಾ? ಕೊಯ್ದೆಯಾ? ನಡಿ."

"ನೀನು ಬಿತ್ತಿದ್ದೇನೋ, ಡೊಳ್ಳ?" ಅಂದಳು ಕೆಂಚಿ. ಬೋಡನ ಕೋಲು ಇಳಿಯಲಿಲ್ಲ.

ಕೆಂಚಿ ಓರಗಿತ್ತಿಯ ರಟ್ಟೆ ಹಿಡಿದು ಹೊಲಕ್ಕೆ ನಡೆಸಿದಳು. "ತಾಯಿ, ಇವಳಿಗೆ ತೆನೆ ಬಡಿಯುವಷ್ಟೂ ತ್ರಾಣ ಇಲ್ಲ. ಒಂದಿಷ್ಟು ಕಾಳು ಉದುರಿಸು."

"ನಿನ್ನ ಬಿಟ್ಟುಹೋದವಳು ಇವಳೇ ಅಲ್ಲವೇ?" ಅಂದಿತು ರಾಗಿ.

"ಇವಳೇ. ಬಿಟ್ಟುಹೋದರೆ ಹೇಗಿರುತ್ತೆ ಅಂತ ನನಗೆ ಗೊತ್ತು, ಅದಕ್ಕೇ ಕೇಳ್ತಿದ್ದೀನಿ."

ರಾಗಿಯ ಒಂದಷ್ಟು ತೆನೆಗಳು ಮೆಲ್ಲಗೆ ಬೆರಳು ಬಿಚ್ಚಿದವು. ನಿಂಗಿ ಸೆರಗೊಡ್ಡಿದಳು.

ಈಗಲೂ ರಾಗಿ ಹೊಲಕ್ಕೆ ಹೋದರೆ ನೋಡು ಮಗಾ: ಅಷ್ಟೂ ತೆನೆ ಮುಷ್ಟಿ ಕಟ್ಟಿ ನಿಂತಿದ್ದರೂ, ನಡುವೆ ಅಲ್ಲೊಂದು ಇಲ್ಲೊಂದು ಬೆರಳು ಬಿಚ್ಚಿಕೊಂಡೇ ಇರುತ್ತದೆ.