ಸೀಲು ಒಡೆಯದ ಆಯಿಲ್ ಡಬ್ಬ

“ಒಬ್ಬ ಮೆಕ್ಯಾನಿಕ್ ಕಾರಿನ ಹಳೆಯ ಆಯಿಲ್ ಇಳಿಸಿದ. ಹೊಸದು ಹಾಕುವುದನ್ನು ಮರೆತ. ಕಾರು ರಸ್ತೆಗೆ ಹೊರಟೇಬಿಟ್ಟಿತು. ಮುಂದೇನಾಯಿತು, ಹೇಳು ನೋಡೋಣ?”

ದೊರೆಸ್ವಾಮಿ ತಬ್ಬಿಬ್ಬಾದ. ಅವನು ತನ್ನ ಐಟಿಐ ಮೇಷ್ಟ್ರನ್ನು ಕೇಳಿದ್ದೇ ಬೇರೆ. ಅವನ ಗ್ಯಾರೇಜಿನ ಎದುರಿಗೇ ಇನ್ನೊಬ್ಬ ಗ್ಯಾರೇಜು ತೆರೆದಿದ್ದ. ಅತ್ತ ಒಂದು ಕಾರು ತಿರುಗಿದರೆ ಇತ್ತ ಇವನಿಗೆ ಅನ್ನ ಸೇರುತ್ತಿರಲಿಲ್ಲ. ಈ ಹೊಟ್ಟೆಕಿಚ್ಚು ಬಿಡುವುದು ಹೇಗೆ ಎಂಬುದು ಅವನ ಪ್ರಶ್ನೆ.

“ಇನ್ನೇನು ಸರ್, ಇಂಜಿನ್ ಸೀಜ್ ಆಗಿ ನಡುದಾರೀಲಿ ನಿಂತಿರುತ್ತೆ.”

“ಆತುರಗಾರ! ಪರೀಕ್ಷೆಯಲ್ಲೂ ಹೀಗೇ ಬರೆಯುತ್ತಿದ್ದೆ,” ಎಂದು ಮೇಷ್ಟ್ರು ನಕ್ಕರು. ನಿವೃತ್ತರಾದ ಮೇಲೆ ಯಾರಾದರೂ ಪ್ರಶ್ನೆ ಹಿಡಿದು ಬಂದರೆ ಅವರಿಗೆ ಹಬ್ಬ. ಕುರ್ಚಿ ಹತ್ತಿರ ಎಳೆದುಕೊಂಡು ಹೇಳತೊಡಗಿದರು.

ಒಂದು ರಸ್ತೆಯಲ್ಲಿ ಎದುರುಬದುರಾಗಿ ಇಬ್ಬರು ಮೆಕ್ಯಾನಿಕರಿದ್ದರು. ಮೊದಲನೆಯವನು ಕೆಲಸಗಾರನೇ. ಆದರೆ ಕೈ ಇಲ್ಲಿದ್ದರೆ ಕಣ್ಣು ಎದುರಿನ ಶೆಡ್ಡಿನಲ್ಲಿ. ಅಲ್ಲಿ ಯಾರಾದರೂ ನಕ್ಕರೆ ಇವನ ಟೀ ಕಹಿಯಾಗುತ್ತಿತ್ತು. ಒಬ್ಬ ಗಿರಾಕಿಯಂತೂ, “ಅಲ್ಲಿ ರಶ್ ಇತ್ತು ಕಣಪ್ಪ, ಅದಕ್ಕೇ ನಿನ್ನ ಹತ್ರ ಬಂದೆ,” ಎಂದುಬಿಟ್ಟಿದ್ದ. ಆ ಮಾತು ಇವನೊಳಗೆ ವರ್ಷಗಟ್ಟಲೆ ಕೂತಿತ್ತು.

ಒಂದು ದಿನ ಒಬ್ಬರು ಕಾರು ತಂದರು. ಮಗಳನ್ನು ಗಂಡನ ಮನೆಗೆ ಬಿಟ್ಟುಬರಲು ಹೊರಟವರು. ಇಂಜಿನ್ ಬಿಸಿ ಇರುವಾಗಲೇ ಆಯಿಲ್ ಇಳಿಸಬೇಕು, ತಣ್ಣಗಾದರೆ ಕೊಳೆ ತಳದಲ್ಲೇ ಉಳಿಯುತ್ತದೆ. ನಿನಗೆ ಗೊತ್ತಿರುವುದೇ. ಅವನು ಹಾಗೇ ಇಳಿಸಿದ. ಅದು ತೊಟ್ಟಿಕ್ಕಿ ಮುಗಿಯುವಷ್ಟರಲ್ಲಿ, ಸುಮ್ಮನೆ ಯಾಕೆ ಕೂರುವುದು ಎಂದು, ‘ಆಯಿಲ್ ಬದಲಾಯಿಸಿದೆ’ ಎಂಬ ಚೀಟಿ ಬರೆದು, ತಾರೀಖು ಹಾಕಿ, ಸ್ಟೇರಿಂಗಿಗೆ ಕಟ್ಟಿದ. ಕೊನೆಗೆ ಕಟ್ಟಬೇಕಾದ ಚೀಟಿ ಅದು.

ತಳದ ಬೋಲ್ಟು ಬಿಗಿ ಮಾಡಿ ಎದ್ದ. ಆಗಲೇ ಎದುರಿನ ಶೆಡ್ಡಿಗೆ ಒಂದು ಬಿಳಿ ಕಾರು ತಿರುಗಿತು. ನಾಲ್ಕು ವರ್ಷದಿಂದ ಇವನ ಹತ್ತಿರವೇ ಬರುತ್ತಿದ್ದ ಕಾರು. ಇವನು ಬಾಗಿಲಿಗೆ ಹೋಗಿ ನಿಂತ. ಎಷ್ಟು ಹೊತ್ತು ನಿಂತನೋ! ತಿರುಗಿ ಬಂದಾಗ ಚೀಟಿ ಕಂಡಿತು. ಚೀಟಿ ಇದೆ ಎಂದರೆ ಕೆಲಸ ಮುಗಿದಿದೆ. ಬಾನೆಟ್ ಮುಚ್ಚಿ ಕೀ ಕೊಟ್ಟ. ಆಯಿಲ್ ಕಡಿಮೆಯಾದರೆ ಹೊತ್ತುವ ಕೆಂಪು ದೀಪ ಆ ಕಾರಿನಲ್ಲಿ ಎಂದೋ ಕೆಟ್ಟಿತ್ತು.

ಕಾರು ರಸ್ತೆಗೆ ಇಳಿಯುತ್ತಲೇ ಎದುರಿನವನು ಓಡಿ ಬಂದು ಅಡ್ಡ ನಿಂತ. ಕಿಟಕಿಯೊಳಗೆ ಕೈ ಹಾಕಿ ಇಂಜಿನ್ ಆರಿಸಿದ.

“ನನ್ನ ಗಿರಾಕೀನ ನಡುರಸ್ತೇಲೇ ಕಿತ್ಕೋತೀಯೇನೋ?” ಎಂದು ಇವನು ಕೂಗಿದ.

ಎದುರಿನವನು ಕಾರಿನವರತ್ತ ನೋಡಿ, “ಬಾನೆಟ್ ಸರಿಯಾಗಿ ಕೂತಿಲ್ಲ ಸರ್, ಎರಡೇ ನಿಮಿಷ,” ಎಂದ. ಕಾರನ್ನು ಹಿಂದಕ್ಕೆ ತಳ್ಳುತ್ತ ಇವನ ಕಿವಿಯಲ್ಲಿ ಮಾತ್ರ ಹೇಳಿದ: “ಡಬ್ಬದ ಸೀಲೇ ಒಡೆದಿಲ್ವಲ್ಲಣ್ಣ.”

ಇವನು ತಿರುಗಿ ನೋಡಿದ. ಸ್ಟೂಲಿನ ಮೇಲೆ ಆಯಿಲ್ ಡಬ್ಬ ತುಂಬಿದಂತೆಯೇ ಇತ್ತು.

“ಅಲ್ಲಿಂದ ನಿನಗೆ ಹೇಗೆ ಗೊತ್ತಾಯ್ತು?”

“ಅಯ್ಯೋ, ನಿನ್ನಂಗಡೀಲಿ ದಿನಕ್ಕೆ ಎಷ್ಟು ಡಬ್ಬ ಒಡೀತೀಯ ಅಂತ ನಾನು ಎಣಿಸದ ದಿನ ಇಲ್ಲ. ಹೊಟ್ಟೆಕಿಚ್ಚು ಕಣಣ್ಣ, ಏನು ಮಾಡ್ಲಿ?”

ಮೇಷ್ಟ್ರು ಕತೆ ನಿಲ್ಲಿಸಿದರು.

ದೊರೆಸ್ವಾಮಿ ಕೇಳಿದ: “ಹಾಗಾದರೆ ಅವನಿಗೂ ಅದು ಬಿಟ್ಟಿರಲಿಲ್ಲವೇ?”

“ಬಿಟ್ಟಿರಲಿಲ್ಲ. ಆದರೂ ಓಡಿದ.”

ದೊರೆಸ್ವಾಮಿಯ ಮುಖ ಅರಳಿತು. “ಓಡಿದವರು ನೀವೇ ಅಂತ ನನಗೆ ಆಗಲೇ ಗೊತ್ತಾಯಿತು ಸರ್!”

ಮೇಷ್ಟ್ರು ಎದ್ದು, ಕಪಾಟಿನಿಂದ ದಾರ ಕಟ್ಟಿದ್ದ ಒಂದು ಹಳೆಯ ಚೀಟಿ ತಂದು ಅವನ ಕೈಗಿಟ್ಟರು. ‘ಆಯಿಲ್ ಬದಲಾಯಿಸಿದೆ’ ಎಂದು ಬರೆದಿತ್ತು. ಎರಡು ವರ್ಷ ಕಪ್ಪುಹಲಗೆಯ ಮೇಲೆ ಅವನು ಓದಿದ್ದ ಅದೇ ದುಂಡು ಅಕ್ಷರ.

ದೊರೆಸ್ವಾಮಿ ತಲೆ ಎತ್ತಲಿಲ್ಲ. ಚೀಟಿಯ ಕೆಳಗಿದ್ದ ತಾರೀಖನ್ನು ನೋಡುತ್ತಲೇ ಕುಳಿತ: 17 ಆಗಸ್ಟ್ 1983, ಬುಧವಾರ.