ಎರಡು ಬಳೆ, ಒಂದು ಬಾಣಲೆ

ಕಾಲು ಒಳಗೆಳ್ಕೊಂಡು ಕಂಬಳಿ ಹೊದ್ಕೋ. ಒಂದಾನೊಂದು ಕಾಲದಲ್ಲಿ, ಅಂಥಾ ಹಳೇ ಕಾಲವೇನಲ್ಲ ಬಿಡು, ಮೌನಾಚಾರಿ ಅಂತ ಒಬ್ಬ ಕಮ್ಮಾರ ಇದ್ದನಂತೆ. ಅವನ ಮನೇಲಿ ಎಲ್ಲಿ ಕಾಲಿಟ್ಟರೂ ಕಬ್ಬಿಣ. ಅವನಿಗೆ ಮೂರು ಹೆಣ್ಣುಮಕ್ಕಳು. ದೊಡ್ಡವಳು ಕಾಳಮ್ಮ, ನಡುವಿನವಳು ಸರಸಮ್ಮ, ಮೂರನೆಯವಳು ಯಾರು ಅಂತ ಆಮೇಲೆ ಹೇಳ್ತೀನಿ, ಈಗ ಸುಮ್ನೆ ಕೇಳು.

ಮೂವರೂ ಸರದಿ ಮೇಲೆ ಕುಲುಮೇಲಿ ತಿದಿ ಒತ್ತಿ ಬೆಂಕಿಗೆ ಗಾಳಿ ಹಾಕೋರು. ಆದರೆ ಉಣ್ಣೋದು ಕೊನೇಗೆ. ಅಪ್ಪ ಉಂಡು, ಕೆಲಸಕ್ಕೆ ಬಂದೋರು ಉಂಡು, ಆಮೇಲೆ ಹೆಣ್ಣುಮಕ್ಕಳು. ಅಷ್ಟೊತ್ತಿಗೆ ಸೊಪ್ಪಿನ ಸಾರು ತಳ ಕಂಡಿರೋದಂತೆ.

ಕಾಳಮ್ಮ ಮದುವೆಯಾಗಿ ಬಸುರಿಯಾಗಿ ತವರಿಗೆ ಬಂದಾಗ ಮುಖ ಬಿಳಿಚಿಕೊಂಡಿತ್ತಂತೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಯಾರೂ ಇಲ್ಲದಾಗ ಗೋಡೆ ಮಣ್ಣು ಕೆರೆದು ತಿನ್ನೋಳಂತೆ, ಅದಕ್ಕೆ ಅವರಮ್ಮ ಕೈಮೇಲೆ ಬಾರಿಸಿದಳಂತೆ. ಊರೋರು ಗಾಳಿ ಸೋಕಿದೆ ಅಂದರು. ಗಾಳಿಗೆ ಕಬ್ಬಿಣ ಕಂಡರೆ ಭಯ ಅಂತಾರಲ್ಲ, ಅಪ್ಪ ಕಬ್ಬಿಣದ ಬಳೆ ಬಡಿದು ಮಗಳ ಕೈಗೆ ತೊಡಿಸಿದನಂತೆ. ಹೆರಿಗೇಲಿ ರಕ್ತ ಹೋಯ್ತು. ಮೊದಲೇ ಇಲ್ಲದ ರಕ್ತ. ಮಗೂನೂ ಉಳೀಲಿಲ್ಲ, ತಾಯೀನೂ ಉಳೀಲಿಲ್ಲ.

ಆಮೇಲೆ ಸರಸಮ್ಮ ಬಿಳಿಚಿಕೊಂಡಳು. ಅಕ್ಕನ ಬಳೆ ಸಣ್ಣದಾಯ್ತು ಅಂದ್ಕೊಂಡು ಆಚಾರಿ ಇನ್ನೂ ದಪ್ಪ ಬಳೆ ಮಾಡಿದನಂತೆ. ಶಕ್ತಿ ಬರಲಿ ಅಂತ ಅವರಮ್ಮ ಮುದ್ದೆ ಉಂಡ ತಕ್ಷಣ ಲೋಟ ತುಂಬ ಕಡಕ್ ಟೀ ಕುಡಿಸೋಳಂತೆ. ಒಂದಿನ ಬೆಳಿಗ್ಗೆ ತಿದಿ ಸದ್ದು ನಿಂತುಹೋಯ್ತು. ಕಬ್ಬಿಣ ಆರ್ತದೆ ಒತ್ತೇ ಅಂತ ಆಚಾರಿ ಎರಡು ಸಲ ಕೂಗಿದನಂತೆ. ಮೂರನೇ ಸಲ ತಿರುಗಿ ನೋಡಿದನಂತೆ. ಅವಳು ತಿದಿ ಮೇಲೆ ತಲೆಯಿಟ್ಟು ಮಲಗಿದ್ದಳು, ಏಳಲೇ ಇಲ್ಲ.

ಅಳಬೇಡ ಕಂದ. ಬಾ, ಕಣ್ಣು ಒರೆಸ್ತೀನಿ.

ಆಮೇಲೆ ತಿದಿ ಒತ್ತೋಕೆ ಮೂರನೆಯವಳೊಬ್ಬಳೇ ಉಳಿದಳು, ಅವಳೂ ಬಿಳಿಚಿಕೊಂಡಳು. ಆಚಾರಿ ಮೂರನೇ ಬಳೆಗೆ ಕಬ್ಬಿಣ ಕಾಸ್ತಿದ್ದಾಗ, ಬಕೆಟ್ ಹಿಡಿ ಬೆಸೆಸೋಕೆ ಫಿಲೋಮಿನಾ ಅನ್ನೋ ನರ್ಸಮ್ಮ ಬಂದಳಂತೆ. ಹುಡುಗೀನ ನೋಡಿದವಳೇ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇಲ್ಲ, ಹತ್ತಿ ಥರ ಬಿಳಿ. ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದಳು. ಸಾಲದು ಅಂತ ತೋಳಿಂದಲೂ ತೆಗೆದು ದೊಡ್ಡಾಸ್ಪತ್ರೆಗೆ ಕಳಿಸಿದಳು. ಬೆರಳಿನ ಹನಿ ರಕ್ತ ಎಷ್ಟು ತೆಳ್ಳಗಾಗಿದೆ ಅಂತ ಹೇಳಿದರೆ, ತೋಳಿಂದು ಮೈಯೊಳಗಿನ ಕಣಜದಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಅಂತ ಹೇಳತ್ತಂತೆ. ಕಣಜ ಬರಿದಾಗಿತ್ತು.

ಆಗ ನರ್ಸಮ್ಮ ಆಚಾರಿಗೆ ಹೇಳಿದಳಂತೆ, ಕಬ್ಬಿಣ ಬಳೆ ಹಾಕಿದರೆ ಮೈಗೆ ಇಳಿಯಲ್ಲ, ಉಂಡರೇ ಇಳಿಯೋದು ಅಂತ. ಕರುಳಲ್ಲಿ ಒಂದು ಬಾಗಿಲಿದೆ, ಅಲ್ಲಿ ಕಾವಲುಗಾರ ಕಬ್ಬಿಣಾನ ಸ್ವಲ್ಪ ಸ್ವಲ್ಪವೇ ಬಿಡ್ತಾನೆ, ಟೀ ಕಂಡರೆ ಮುಕ್ಕಾಲು ಬಾಗಿಲು ಹಾಕ್ಕೋತಾನೆ, ನಿಂಬೆಹುಳಿ ಕಂಡರೆ ತೆಗೀತಾನೆ. ಒಳಗೆ ರಕ್ತದಲ್ಲಿ ಗಾಡಿ ಕಾದಿರತ್ತೆ, ಹೊತ್ಕೊಂಡು ಮೂಳೆ ಒಳಗೆ ಹೊಸ ರಕ್ತ ಮಾಡೋ ಕಡೆ ಇಳಿಸತ್ತೆ, ಮಿಕ್ಕಿದ್ದು ಈಲಿ, ಅದೇ ಲಿವರು, ಅದರೊಳಗಿನ ಕಣಜಕ್ಕೆ. ನಿನ್ನ ಮಗಳ ಗಾಡಿ ಖಾಲಿ ಓಡ್ತಿದೆ ಅಂದಳಂತೆ.

ಆಚಾರಿ ಕೈಯಿಂದ ಸುತ್ತಿಗೆ ಬಿತ್ತು. ಊರ ಗಾಡಿ ಚಕ್ರಕ್ಕೆಲ್ಲ ಕಬ್ಬಿಣದ ಪಟ್ಟಾ ಹಾಕಿದೆ ತಾಯಿ, ನನ್ನ ಮಕ್ಕಳೊಳಗೆ ಖಾಲಿ ಗಾಡಿ ಓಡ್ತಿದ್ದಿದ್ದು ನನಗೆ ಕೇಳಿಸ್ಲಿಲ್ಲ ಅಂದ.

ಅವತ್ತಿಂದ ಮನೇಲಿ ಎಲ್ಲರೂ ಒಂದೇ ಸಲ ಕೂತು ಉಂಡರಂತೆ. ಸೊಪ್ಪಿಗೆ ನಿಂಬೆಹುಳಿ, ಟೀ ಊಟದ ಹತ್ತಿರ ಸುಳಿಯಂಗಿಲ್ಲ, ನರ್ಸಮ್ಮ ಕೊಟ್ಟ ಮಾತ್ರೆ ತಪ್ಪಂಗಿಲ್ಲ. ಎರಡು ತಿಂಗಳಿಗೆ ಮುಖಕ್ಕೆ ಕೆಂಪು ಬಂತು. ಸಾಕು ಬಿಡು ಅಂದರೆ ನರ್ಸಮ್ಮ ಬಿಡಲಿಲ್ಲ, ಕಣಜ ತುಂಬಲಿ ಅಂತ ಇನ್ನೂ ಮೂರು ತಿಂಗಳು ನುಂಗಿಸಿದಳು. ಆಚಾರಿ ಮೂರನೇ ಬಳೆ ಮಾಡಲೇ ಇಲ್ಲ. ಆ ಕಬ್ಬಿಣಾನ ಬಡಿದು ಸೊಪ್ಪು ಹುರಿಯೋಕೆ ಬಾಣಲೆ ಮಾಡಿದ. ಮಣ್ಣು ಮಾಡೋವಾಗ ತೆಗೆದಿಟ್ಟಿದ್ದ ಎರಡು ಬಳೇನೂ ತಂದು, ಅದರ ಎರಡು ಕಡೆ ಹಿಡಿಯಾಗಿ ಬೆಸೆದ.

ಹೌದು, ನಮ್ಮ ಅಡುಗೆಮನೇದೇ. ಒಂದು ಹಿಡಿ ತೆಳ್ಳಗೆ ಒಂದು ದಪ್ಪ ಯಾಕಜ್ಜಿ ಅಂತಿದ್ದೆಯಲ್ಲ, ತೆಳ್ಳಗಿರೋದು ಕಾಳಕ್ಕ, ದಪ್ಪಗಿರೋದು ಸರಸಕ್ಕ. ಮೂರನೆಯವಳು ನಾನು. ದಿನಾ ಬಾಣಲೆ ಇಳಿಸೋವಾಗ ಇಬ್ಬರ ಕೈಯನ್ನೂ ಹಿಡ್ಕೋತೀನಿ.

ಕತೆ ಮುಗೀತು, ಇಲ್ಲಿ ತಿರುಗು. ಕಣ್ಣು ಮುಚ್ಚೋ ಮೊದಲು ಒಂದ್ಸಲ ಕೆಳರೆಪ್ಪೆ ಎಳೀತೀನಿ, ಅಲ್ಲಾಡಬೇಡ. ಹ್ಞೂಂ, ಕೆಂಪಗಿದೆ. ಮಲಗು ನನ್ನವ್ವ.